ಬೇರೆ ಬೇರೆ ಛೇದಗಳುಳ್ಳ ಬೀಜೋಕ್ತಿಗಳ ಸಂಕಲನ

(ಶಾಲೆಯ ಮುಖ್ಯೋಪಾಧ್ಯಾಯರಿಂದ)

ಕಳೆದ ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ನಮ್ಮ ಕಣ್ಣಿಗೆ ಬಿತ್ತು. ಪ್ರಶ್ನೆ ಇಷ್ಟೇ: 2/ಕ್ಷ ಮತ್ತು 3/(ಕ್ಷ + 1) ಇವೆರಡನ್ನು ಕೂಡಿಸಿರಿ. ಅನೇಕ ಮಕ್ಕಳು ಮೇಲಿನ ಅಂಶಗಳನ್ನು ಮೇಲೆಯೂ ಕೆಳಗಿನ ಛೇದಗಳನ್ನು ಕೆಳಗೆಯೂ ಕೂಡಿಸಿ, 5/(2ಕ್ಷ + 1) ಎಂದು ಉತ್ತರ ಬರೆದಿದ್ದರು. ಮತ್ತೆ ಕೆಲವರು ಅಡ್ಡಗುಣಾಕಾರ ಮಾಡಿ, 5ಕ್ಷ + 2 ಎಂದಷ್ಟೇ ಬರೆದು, ಛೇದವನ್ನು ಸಂಪೂರ್ಣವಾಗಿ ಕೈಬಿಟ್ಟಿದ್ದರು. ಎರಡೂ ತಪ್ಪೇ. ಆದರೆ ಇಷ್ಟು ಮಂದಿ ಒಂದೇ ರೀತಿಯಾಗಿ ತಪ್ಪಿದಾಗ ತಪ್ಪು ಮಕ್ಕಳದು ಮಾತ್ರವಾಗಿರಲಾರದು. ಕಲಿಸಿದ ನಮ್ಮ ಪಾಲೂ ಅದರಲ್ಲಿ ಉಂಟು ಎಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು.

ಅಂಕಗಳನ್ನು ತಿಳಿಸಿದ ಕೆಲವು ದಿನಗಳಲ್ಲಿ, ಊರಿನಲ್ಲಿ ಚಿಕ್ಕದೊಂದು ಅಡಿಕೆ ವ್ಯಾಪಾರವನ್ನು ನಡೆಸುವ ಪೋಷಕರೊಬ್ಬರು ಮಗನನ್ನು ಕರೆದುಕೊಂಡು ಶಾಲೆಗೆ ಬಂದರು. "ಮಾಸ್ತರರೇ, ಇವನ ತಲೆಗೆ ಲೆಕ್ಕ ಹತ್ತುವುದಿಲ್ಲ. ನನಗೂ ಹತ್ತಿರಲಿಲ್ಲ. ಮುಂದಿನ ವರ್ಷ ಅಂಗಡಿಯಲ್ಲಿಯೇ ಕೂರಿಸಿಕೊಳ್ಳುವುದು ಲೇಸಲ್ಲವೆ?" ಎಂದರು. ಹುಡುಗನು ತಲೆ ತಗ್ಗಿಸಿ ನಿಂತಿದ್ದನು. ನಾವು ಆ ಮಹನೀಯರನ್ನು, "ಒಂದು ಚೀಲದಲ್ಲಿ ಅರ್ಧ ಕಿಲೋ ಅಡಿಕೆ, ಇನ್ನೊಂದರಲ್ಲಿ ಮುಕ್ಕಾಲು ಕಿಲೋ, ಒಟ್ಟು ಎಷ್ಟು?" ಎಂದು ಕೇಳಿದೆವು. "ಒಂದೂಕಾಲು ಕಿಲೋ" ಎಂಬ ಉತ್ತರ ಆ ಕ್ಷಣವೇ ಬಂದಿತು. "ಹೇಗೆ?" ಎಂದಾಗ ಅವರು ನಕ್ಕು, "ಅರ್ಧವೆಂದರೆ ಎರಡು ಕಾಲು. ಮುಕ್ಕಾಲೆಂದರೆ ಮೂರು ಕಾಲು. ಒಟ್ಟಿಗೆ ಐದು ಕಾಲು. ಇದರಲ್ಲಿ ಏನಿದೆ?" ಎಂದರು.

ಇದರಲ್ಲಿ ಎಲ್ಲವೂ ಇದೆ. ಆ ದಿನ ಅವರು ಹೇಳಿದ ಆ ಒಂದು ಮಾತನ್ನೇ ವಿಸ್ತರಿಸಿ, ನಮ್ಮ ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ತಿಳಿಯುವಂತೆ ಬರೆಯಬೇಕೆಂಬುದೇ ಈ ಲೇಖನದ ಉದ್ದೇಶ.

ಛೇದವು ಹೆಸರು, ಅಂಶವು ಎಣಿಕೆ

ಭಿನ್ನರಾಶಿಯಲ್ಲಿ ಕೆಳಗಿರುವ ಸಂಖ್ಯೆ ಛೇದ, ಮೇಲಿರುವುದು ಅಂಶ. ಇವೆರಡೂ ಸಂಖ್ಯೆಗಳೇ ಆದರೂ ಇವು ಮಾಡುವ ಕೆಲಸ ಬೇರೆ ಬೇರೆ. 3/4 ಎಂಬಲ್ಲಿ 4 ಎಂಬುದು ತುಂಡಿನ ಜಾತಿಯನ್ನು ಹೇಳುತ್ತದೆ: ಇವು ಕಾಲುಗಳು, ಎಂದು. 3 ಎಂಬುದು ಅಂಥ ತುಂಡುಗಳು ಎಷ್ಟಿವೆ ಎಂಬುದನ್ನು ಹೇಳುತ್ತದೆ. ಆದಕಾರಣ ಛೇದವು ಹೆಸರು, ಅಂಶವು ಎಣಿಕೆ.

ಮೂರು ತೆಂಗಿನಕಾಯಿಗಳನ್ನೂ ಎರಡು ತೆಂಗಿನಕಾಯಿಗಳನ್ನೂ ಕೂಡಿಸಿದರೆ ಐದು ತೆಂಗಿನಕಾಯಿಗಳು. ಎಣಿಕೆಗಳು ಕೂಡಿದವು, ಹೆಸರು ಹಾಗೆಯೇ ಉಳಿಯಿತು. ಹಾಗೆಯೇ 3/7 ಮತ್ತು 2/7 ಕೂಡಿದರೆ 5/7. ಇಲ್ಲಿ ಏಳನ್ನು ಏಳಕ್ಕೆ ಕೂಡಿಸುವ ಪ್ರಮೇಯವೇ ಇಲ್ಲ. ಹೆಸರನ್ನು ಹೆಸರಿಗೆ ಕೂಡಿಸುವುದುಂಟೆ? ಹಾಗೆ ಕೂಡಿಸಿದರೆ ಏನಾಗುತ್ತದೆಂಬುದನ್ನು ನೋಡಿರಿ. ಅರ್ಧಕ್ಕೆ ಅರ್ಧ ಕೂಡಿದರೆ ಒಂದು ಎಂಬುದನ್ನು ಶಿಶುವೂ ಬಲ್ಲದು. ಮೇಲಿಗೆ ಮೇಲು, ಕೆಳಗಿಗೆ ಕೆಳಗು ಎಂಬ ತಪ್ಪು ನಿಯಮದಂತೆ ನಡೆದರೆ 1/2 + 1/2 = 2/4, ಅಂದರೆ ಪುನಃ ಅರ್ಧವೇ! ಎರಡು ಅರ್ಧ ರೊಟ್ಟಿಗಳನ್ನು ಕೊಟ್ಟರೂ ಅರ್ಧ ರೊಟ್ಟಿಯೇ ಉಳಿಯಿತೆಂದರೆ ಯಾವ ಮಗು ಒಪ್ಪೀತು?

ಛೇದಗಳು ಬೇರೆಯಾಗಿದ್ದರೆ ಜಾತಿ ಬೇರೆಯೆಂದು ಅರ್ಥ. ಆಗ ಕೂಡಿಸುವುದಕ್ಕೆ ಮೊದಲು ಎರಡಕ್ಕೂ ಒಂದೇ ಹೆಸರು ಬರುವಂತೆ ಮಾಡತಕ್ಕದ್ದು. ಹಿರಿಯರು ಆಣೆಯ ಕಾಲದಲ್ಲಿ ಇದನ್ನೇ ಮಾಡುತ್ತಿದ್ದರು. 1957ರಲ್ಲಿ ದಶಮಾನ ನಾಣ್ಯಪದ್ಧತಿ ಬರುವ ತನಕ ರೂಪಾಯಿಗೆ ಹದಿನಾರು ಆಣೆ. ಒಂದು ಪಾವಲಿಗೆ, ಅಂದರೆ ರೂಪಾಯಿಯ 1/4 ಭಾಗಕ್ಕೆ, ರೂಪಾಯಿಯ 1/8 ಭಾಗವನ್ನು ಕೂಡಿಸಬೇಕಾದಾಗ, ನಾಲ್ಕಾಣೆ ಮತ್ತು ಎರಡಾಣೆ ಒಟ್ಟು ಆರಾಣೆ ಎನ್ನುತ್ತಿದ್ದರು. ಆಣೆ ಎಂಬುದೇ ಅಲ್ಲಿ ಸಾಮಾನ್ಯ ಛೇದ. 4/16 + 2/16 = 6/16, ಅಂದರೆ 3/8.

ಮಹಾವೀರಾಚಾರ್ಯನ ಮಾತು

ಈ ಕೆಲಸಕ್ಕೆ ನಮ್ಮ ಪ್ರಾಚೀನ ಗಣಿತಜ್ಞರು ಇಟ್ಟ ಹೆಸರು ಬಹಳ ಅರ್ಥವತ್ತಾಗಿದೆ. ಅವರು ಇದನ್ನು 'ಕಲಾಸವರ್ಣ'ವೆಂದು ಕರೆದರು. ಕಲೆ ಎಂದರೆ ಭಾಗ. ಸವರ್ಣವೆಂದರೆ ಒಂದೇ ಬಣ್ಣದ್ದು, ಒಂದೇ ವರ್ಗದ್ದು. ಭಾಗಗಳನ್ನೆಲ್ಲ ಒಂದೇ ವರ್ಣಕ್ಕೆ ತರುವುದೇ ಕಲಾಸವರ್ಣ.

ಕ್ರಿಸ್ತಶಕ 850ರ ಸುಮಾರಿಗೆ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಗ್ರಂಥದ ಆರಂಭದಲ್ಲಿ ಅವನು ಕೊಂಡಾಡುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. 'ಕವಿರಾಜಮಾರ್ಗ'ವು ಹುಟ್ಟಿದ್ದೂ ಆ ದೊರೆಯ ಆಸ್ಥಾನದಲ್ಲಿಯೇ. ಅವನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಭಿನ್ನರಾಶಿಗಳಿಗಾಗಿ ಅದರಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ನಾವು ಇಂದು ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಲ.ಸಾ.ಅ., ಎಂದು ಕರೆಯುವುದಕ್ಕೆ ಮಹಾವೀರನು 'ನಿರುದ್ಧ'ವೆಂಬ ಹೆಸರನ್ನಿಟ್ಟು, ಛೇದಗಳ ಸಾಮಾನ್ಯ ಅಪವರ್ತನಗಳನ್ನೂ ಅವುಗಳಿಂದ ಭಾಗಿಸಿದ ಮೇಲೆ ಕೊನೆಗೆ ಉಳಿದ ಲಬ್ಧಗಳನ್ನೂ ಗುಣಿಸಿದರೆ ಅದು ದೊರೆಯುವುದೆಂದು ತಿಳಿಸಿದ್ದಾನೆ. ಇಂದು ಏಳನೆಯ ತರಗತಿಯ ಮಗು ಮಾಡುವುದೂ ಇದನ್ನೇ.

ಒಂದನ್ನು, ಅಂಶ ಒಂದೇ ಆಗಿರುವ ಹಲವು ಭಿನ್ನರಾಶಿಗಳ ಮೊತ್ತವಾಗಿ ಬರೆಯುವ ರೀತಿಯನ್ನೂ ಅವನು ಹೇಳಿದ್ದಾನೆ. ಆ ರೀತಿಯಂತೆ ನಾಲ್ಕು ಭಾಗಗಳನ್ನು ತೆಗೆದುಕೊಂಡರೆ:

1/2 + 1/3 + 1/9 + 1/18

ಇಲ್ಲಿ ಛೇದಗಳ ಲ.ಸಾ.ಅ. 18. ಎಲ್ಲವನ್ನೂ ಹದಿನೆಂಟನೆಯ ಭಾಗಗಳನ್ನಾಗಿ ಮಾಡಿದರೆ 9/18 + 6/18 + 2/18 + 1/18 = 18/18 = 1. ಮಕ್ಕಳು ಇದನ್ನು ಒಮ್ಮೆ ತಾವಾಗಿಯೇ ಮಾಡಿ ನೋಡತಕ್ಕದ್ದು.

ಬೀಜಗಣಿತಕ್ಕೆ ಬಂದಾಗ

ಈಗ ಪರೀಕ್ಷೆಯ ಪ್ರಶ್ನೆಗೆ ಬರೋಣ. ಛೇದದಲ್ಲಿ ಕ್ಷ ಎಂಬ ಅಕ್ಷರವನ್ನು ಕಂಡೊಡನೆ ಅನೇಕ ಮಕ್ಕಳು ಬೆದರುತ್ತಾರೆ. ಬೆದರುವ ಕಾರಣವಿಲ್ಲ. ಕ್ಷ ಎಂಬುದು ನಮಗೆ ಇನ್ನೂ ಗೊತ್ತಾಗದ ಒಂದು ಸಂಖ್ಯೆ, ಅಷ್ಟೆ. ಸಂಖ್ಯೆಗಳಿಗೆ ಯಾವ ನಿಯಮವೋ ಅದಕ್ಕೂ ಅದೇ ನಿಯಮ.

2/ಕ್ಷ ಮತ್ತು 3/(ಕ್ಷ + 1): ಛೇದಗಳು ಬೇರೆ. ಇವುಗಳಿಗೆ ಸಾಮಾನ್ಯ ಅಪವರ್ತನವಿಲ್ಲವಾದ್ದರಿಂದ ಲ.ಸಾ.ಅ. ಎಂದರೆ ಅವುಗಳ ಗುಣಲಬ್ಧವೇ, ಅಂದರೆ ಕ್ಷ(ಕ್ಷ + 1). ಮೊದಲನೆಯ ರಾಶಿಯ ಛೇದಕ್ಕೆ (ಕ್ಷ + 1) ಕಡಿಮೆಯಾಗಿದೆ. ಆದುದರಿಂದ ಅದರ ಅಂಶವನ್ನೂ ಛೇದವನ್ನೂ (ಕ್ಷ + 1)ರಿಂದ ಗುಣಿಸುತ್ತೇವೆ. ಎರಡನೆಯದಕ್ಕೆ ಕ್ಷ ಕಡಿಮೆಯಾಗಿದೆ. ಅದರ ಎರಡೂ ಕಡೆಯನ್ನು ಕ್ಷದಿಂದ ಗುಣಿಸುತ್ತೇವೆ.

2(ಕ್ಷ + 1)/ಕ್ಷ(ಕ್ಷ + 1) + 3ಕ್ಷ/ಕ್ಷ(ಕ್ಷ + 1)
= (2ಕ್ಷ + 2 + 3ಕ್ಷ)/ಕ್ಷ(ಕ್ಷ + 1)
= (5ಕ್ಷ + 2)/ಕ್ಷ(ಕ್ಷ + 1)

ಮೇಲೆಯೂ ಕೆಳಗೆಯೂ ಒಂದೇ ರಾಶಿಯಿಂದ ಗುಣಿಸುವುದೆಂದರೆ ಒಂದರಿಂದ ಗುಣಿಸಿದಂತೆಯೇ. ಒಂದರಿಂದ ಗುಣಿಸಿದರೆ ಬೆಲೆ ಬದಲಾಗದು. ರೂಪ ಮಾತ್ರ ಬದಲಾಗುತ್ತದೆ. ಅರ್ಧವನ್ನು ಎರಡು ಕಾಲು ಎಂದು ಕರೆದಾಗ ಅಡಿಕೆಯ ತೂಕ ಹೆಚ್ಚಿತೆ? ಇಲ್ಲ. ಈ ಪಾಠದ ಜೀವಾಳವೇ ಇದು.

ಛೇದವನ್ನು ಕೈಬಿಟ್ಟ ಮಕ್ಕಳ ತಪ್ಪು ಎಲ್ಲಿಂದ ಬಂದಿತೆಂಬುದನ್ನೂ ಇಲ್ಲಿ ಹೇಳಬೇಕು. ಸಮೀಕರಣಗಳ ಪಾಠದಲ್ಲಿ ನಾವು ಎರಡೂ ಪಕ್ಕಗಳನ್ನು ಲ.ಸಾ.ಅ.ದಿಂದ ಗುಣಿಸಿ ಛೇದಗಳನ್ನು ತೆಗೆದುಹಾಕುತ್ತೇವೆ. ಅಲ್ಲಿ ಸಮಚಿಹ್ನೆಯ ಎರಡೂ ಕಡೆಗೆ ಒಂದೇ ಕ್ರಿಯೆ ನಡೆಯುವುದರಿಂದ ತಕ್ಕಡಿ ಸಮವಾಗಿಯೇ ಉಳಿಯುತ್ತದೆ. ಸಂಕಲನದಲ್ಲಿ ಎರಡನೆಯ ತಟ್ಟೆಯೇ ಇಲ್ಲ. ಇಲ್ಲಿ ಛೇದವನ್ನು ಅಳಿಸಿದರೆ ರಾಶಿಯ ಬೆಲೆಯೇ ಬದಲಾಗುತ್ತದೆ. ನಾವು ಬಹುಕಾಲ 'ಅಡ್ಡಗುಣಾಕಾರ' ಎಂಬ ಒಂದೇ ಮಾತನ್ನು ಎರಡೂ ಪಾಠಗಳಲ್ಲಿ ಬಳಸಿ, ಈ ಅಂತರವನ್ನು ಬಿಡಿಸಿ ಹೇಳದೆ ಇದ್ದೆವು. ಈ ವರ್ಷದಿಂದ ಸಂಕಲನದ ಪಾಠದಲ್ಲಿ ಆ ಮಾತನ್ನು ಬಿಟ್ಟಿದ್ದೇವೆ.

ಗುಣಲಬ್ಧವೊಂದೇ ಸಾಲದು

ಯಾವಾಗಲೂ ಛೇದಗಳನ್ನು ಒಂದಕ್ಕೊಂದು ಗುಣಿಸಿಬಿಟ್ಟರೆ ಉತ್ತರ ತಪ್ಪಾಗದು. ಆದರೆ ಲೆಕ್ಕವು ಸುಮ್ಮನೆ ಬೆಳೆಯುತ್ತದೆ. 5/6ಕ್ಷ + 1/4ಕ್ಷ² ಎಂಬುದನ್ನು ನೋಡಿರಿ. ಛೇದಗಳ ಗುಣಲಬ್ಧ 24ಕ್ಷ³. ಆದರೆ 6 ಮತ್ತು 4ರ ಲ.ಸಾ.ಅ. 12, ಕ್ಷದ ಅತಿ ದೊಡ್ಡ ಘಾತ ಕ್ಷ². ಆದಕಾರಣ 12ಕ್ಷ² ಸಾಕು.

10ಕ್ಷ/12ಕ್ಷ² + 3/12ಕ್ಷ² = (10ಕ್ಷ + 3)/12ಕ್ಷ²

ಛೇದವನ್ನು ಮೊದಲು ಅಪವರ್ತಿಸುವುದರಿಂದ ಎಷ್ಟು ಲಾಭವೆಂಬುದು ಮುಂದಿನ ಉದಾಹರಣೆಯಲ್ಲಿ ಇನ್ನೂ ಸ್ಪಷ್ಟವಾಗುತ್ತದೆ: 4/(ಕ್ಷ² − 4) + 1/(ಕ್ಷ + 2). ಇಲ್ಲಿ ಕ್ಷ² − 4 = (ಕ್ಷ + 2)(ಕ್ಷ − 2). ಎರಡನೆಯ ಛೇದವು ಮೊದಲನೆಯದರಲ್ಲಿಯೇ ಅಡಗಿದೆ. ಎರಡನೆಯ ರಾಶಿಯನ್ನು ಮಾತ್ರ ಮೇಲೆ ಕೆಳಗೆ (ಕ್ಷ − 2)ರಿಂದ ಗುಣಿಸಿದರೆ,

(4 + ಕ್ಷ − 2)/(ಕ್ಷ + 2)(ಕ್ಷ − 2)
= (ಕ್ಷ + 2)/(ಕ್ಷ + 2)(ಕ್ಷ − 2)
= 1/(ಕ್ಷ − 2)

ವ್ಯವಕಲನದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯಕ. 3/(ಕ್ಷ − 1) − 2/(ಕ್ಷ + 1) ಎಂಬಲ್ಲಿ ಅಂಶವು 3(ಕ್ಷ + 1) − 2(ಕ್ಷ − 1). ಋಣಚಿಹ್ನೆಯು ಆವರಣದೊಳಗಿನ ಎರಡೂ ಪದಗಳಿಗೆ ತಗಲುವುದರಿಂದ ಇದು 3ಕ್ಷ + 3 − 2ಕ್ಷ + 2, ಅಂದರೆ ಕ್ಷ + 5. ಉತ್ತರ (ಕ್ಷ + 5)/(ಕ್ಷ² − 1). ಕೊನೆಯ ಪದದ ಚಿಹ್ನೆಯನ್ನು ಬದಲಾಯಿಸಲು ಮರೆತವರಿಗೆ ಅಂಶವು ಕ್ಷ + 1 ಎಂದಾಗುತ್ತದೆ. ಅದು (ಕ್ಷ + 1)ರೊಡನೆ ಚೆನ್ನಾಗಿ ಹೊಡೆದುಹೋಗಿ, 1/(ಕ್ಷ − 1) ಎಂಬ ಸುಂದರವಾದ ತಪ್ಪು ಉತ್ತರವೂ ಬರುತ್ತದೆ! ಉತ್ತರ ಅಂದವಾಗಿದ್ದ ಮಾತ್ರಕ್ಕೆ ಸರಿಯೆಂದು ನಂಬತಕ್ಕದ್ದಲ್ಲ.

ತಾಳೆ ನೋಡುವ ಬಗೆ

ಹಾಗಾದರೆ ಸರಿಯೊ ತಪ್ಪೊ ಎಂದು ತಿಳಿಯುವುದು ಹೇಗೆ? ಪುಸ್ತಕದ ಕೊನೆಯ ಪುಟವನ್ನು ನೋಡಬೇಕಾದುದಿಲ್ಲ. ಗುರುಗಳನ್ನು ಕೇಳಬೇಕಾದುದೂ ಇಲ್ಲ. ಕ್ಷಕ್ಕೆ ಒಂದು ಸಣ್ಣ ಸಂಖ್ಯೆಯನ್ನು ಆದೇಶಿಸಿ ನೋಡಿದರಾಯಿತು. ಮೊದಲನೆಯ ಪ್ರಶ್ನೆಯಲ್ಲಿ ಕ್ಷ = 1 ಎಂದಿಟ್ಟುಕೊಳ್ಳಿರಿ. 2/1 + 3/2 = ಮೂರೂವರೆ. ನಮ್ಮ ಉತ್ತರದಲ್ಲಿ (5 + 2)/(1 × 2) = 7/2, ಅದೂ ಮೂರೂವರೆ. ತಪ್ಪು ಉತ್ತರವಾದ 5/(2ಕ್ಷ + 1) ಕೊಡುವುದು 5/3ನ್ನು. ಇದು ಎರಡಕ್ಕಿಂತಲೂ ಕಡಿಮೆ. ಎರಡಕ್ಕೆ ಒಂದೂವರೆಯನ್ನು ಕೂಡಿಸಿದಾಗ ಎರಡಕ್ಕಿಂತ ಕಡಿಮೆ ಬರುವುದುಂಟೆ? ಛೇದವನ್ನು ಬಿಟ್ಟ 5ಕ್ಷ + 2 ಕೊಡುವುದು 7ನ್ನು, ಅದೂ ಸುಳ್ಳು. ಒಂದು ಸಂಖ್ಯೆಗೆ ತಾಳೆಯಾದ ಮಾತ್ರಕ್ಕೆ ಉತ್ತರ ಸರಿಯೇ ಎಂದು ಸಿದ್ಧವಾಗದು. ಆದರೆ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆಯೆಂಬುದು ನಿಶ್ಚಯ.

ಶೂನ್ಯವಾಗಬಾರದ ಛೇದ

ತಾಳೆ ನೋಡುವಾಗ ಯಾವುದೇ ಛೇದವನ್ನು ಶೂನ್ಯ ಮಾಡುವ ಸಂಖ್ಯೆಯನ್ನು ತೆಗೆದುಕೊಳ್ಳಬಾರದು. ಶೂನ್ಯದಿಂದ ಭಾಗಿಸುವುದಕ್ಕೆ ಅರ್ಥವಿಲ್ಲ. ಈ ವಿಷಯದಲ್ಲಿ ದೊಡ್ಡವರೂ ಎಡವಿದ್ದುಂಟು. ಶೂನ್ಯದಿಂದ ಭಾಗಿಸಿದ ರಾಶಿಯು ಬದಲಾಗದೆ ಉಳಿಯುವುದೆಂದು ಮಹಾವೀರನೇ ಹೇಳಿದ್ದನು. ಅದು ಸರಿಯಲ್ಲವೆಂದು ಇಂದು ನಾವು ಬಲ್ಲೆವು. ಅಷ್ಟು ದೊಡ್ಡ ಗಣಿತಜ್ಞನೂ ಒಂದೆಡೆ ತಪ್ಪಿದನೆಂಬುದು ತಪ್ಪು ಮಾಡಿದ ಮಗುವಿಗೆ ಸಮಾಧಾನವನ್ನು ಕೊಡಲಿ.

ಈ ನಿಷೇಧವು ಬರಿಯ ಕಟ್ಟುಪಾಡಲ್ಲವೆಂಬುದನ್ನು ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿಯೇ ಕಾಣಬಹುದು. ನಿಂತ ನೀರಿನಲ್ಲಿ ಗಂಟೆಗೆ ಕ್ಷ ಕಿಲೋಮೀಟರು ಸಾಗುವ ದೋಣಿಯೊಂದಿದೆ, ಹೊಳೆಯ ಸೆಳೆತವು ಗಂಟೆಗೆ 2 ಕಿಲೋಮೀಟರು ಎಂದು ಭಾವಿಸೋಣ. ದೋಣಿಯು ಸೆಳೆತದೊಡನೆ 6 ಕಿಲೋಮೀಟರು ಹೋಗಿ, ಸೆಳೆತಕ್ಕೆ ಎದುರಾಗಿ ಅಷ್ಟೇ ದೂರ ಹಿಂದಿರುಗಬೇಕು. ಒಟ್ಟು ಹಿಡಿಯುವ ಗಂಟೆಗಳು:

6/(ಕ್ಷ + 2) + 6/(ಕ್ಷ − 2)
= (6ಕ್ಷ − 12 + 6ಕ್ಷ + 12)/(ಕ್ಷ + 2)(ಕ್ಷ − 2)
= 12ಕ್ಷ/(ಕ್ಷ² − 4)

ಹೋಗುವಾಗ ಸೆಳೆತದಿಂದ ಆದ ಲಾಭವೂ ಬರುವಾಗ ಆದ ನಷ್ಟವೂ ಸರಿಹೋಗುವುದೆಂದು ಅನೇಕರ ಊಹೆ. ಕ್ಷ = 4 ಎಂದು ಆದೇಶಿಸಿರಿ: 48/12 = 4 ಗಂಟೆ. ಸೆಳೆತವೇ ಇಲ್ಲದಿದ್ದರೆ 12 ಕಿಲೋಮೀಟರಿಗೆ 3 ಗಂಟೆ ಸಾಕಾಗುತ್ತಿತ್ತು. ಊಹೆ ಸುಳ್ಳಾಯಿತು, ಏಕೆಂದರೆ ಎದುರು ಸೆಳೆತದಲ್ಲಿ ದೋಣಿಯು ಹೆಚ್ಚು ಹೊತ್ತು ಕಳೆಯಬೇಕಾಗುತ್ತದೆ. ಈಗ ಕ್ಷ = 2 ಎಂದು ಆದೇಶಿಸಿದರೆ ಛೇದವು ಶೂನ್ಯ. ಅಂದರೆ ಏನು? ದೋಣಿಯ ವೇಗವೂ ಸೆಳೆತದ ವೇಗವೂ ಒಂದೇ ಆಯಿತು. ಅಂಬಿಗನು ಎಷ್ಟು ಹುಟ್ಟು ಹಾಕಿದರೂ ದೋಣಿ ನಿಂತಲ್ಲೇ ನಿಲ್ಲುವುದು. ಹಿಂದಿರುಗಿ ಬರುವ ಗಂಟೆ ಎಂಬುದೇ ಇಲ್ಲ. ಬೀಜಗಣಿತವು 'ಇಲ್ಲಿ ಭಾಗಿಸಬೇಡ' ಎಂದು ಹೇಳುವಾಗ ಹೊಳೆಯೂ ಅದನ್ನೇ ಹೇಳುತ್ತಿದೆ.

ಇಂಥದೇ ಸಂಕಲನವನ್ನು ಮಕ್ಕಳು ವಿಜ್ಞಾನದಲ್ಲಿಯೂ ಕಾಣುವರು. 3 ಓಮ್ ಮತ್ತು 6 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದಾಗ 1/3 + 1/6 = 1/2; ಆದುದರಿಂದ ಒಟ್ಟು ರೋಧ 2 ಓಮ್. ಮೇಲೆ ಕೆಳಗೆ ಕೂಡಿಸಿ 2/9 ಎಂದು ಬರೆದವನಿಗೆ ನಾಲ್ಕೂವರೆ ಓಮ್ ಬರುವುದು. ಆದರೆ ಮಾಪಕವು ಅವನ ಉತ್ತರವನ್ನು ಒಪ್ಪದು.

ನೆನಪಿಡತಕ್ಕ ಕ್ರಮ

ವಿದ್ಯಾರ್ಥಿಗಳೇ, ಈ ಐದು ಮೆಟ್ಟಿಲುಗಳನ್ನು ನೆನಪಿನಲ್ಲಿಡಿರಿ.

1. ಪ್ರತಿಯೊಂದು ಛೇದವನ್ನೂ ಅಪವರ್ತಿಸಿರಿ. ಯಾವ ಸಂಖ್ಯೆಗಳು ಛೇದವನ್ನು ಶೂನ್ಯ ಮಾಡುವುವೆಂಬುದನ್ನು ಬದಿಯಲ್ಲಿ ಬರೆದಿಡಿರಿ.
2. ಲ.ಸಾ.ಅ.ವನ್ನು ಕಂಡುಹಿಡಿಯಿರಿ.
3. ಪ್ರತಿಯೊಂದು ರಾಶಿಗೂ ಕಡಿಮೆಯಾದ ಅಪವರ್ತನದಿಂದ ಮೇಲೆಯೂ ಕೆಳಗೆಯೂ ಗುಣಿಸಿರಿ.
4. ಅಂಶಗಳನ್ನು ಮಾತ್ರ ಕೂಡಿಸಿರಿ, ಛೇದವನ್ನು ಒಮ್ಮೆ ಬರೆಯಿರಿ, ಸಾಧ್ಯವಾದರೆ ಸಂಕ್ಷೇಪಿಸಿರಿ.
5. ಸಣ್ಣ ಸಂಖ್ಯೆಯೊಂದನ್ನು ಆದೇಶಿಸಿ ತಾಳೆ ನೋಡಿರಿ.

ಅಭ್ಯಾಸಕ್ಕಾಗಿ ಮೂರು ಲೆಕ್ಕಗಳು:

(ಅ) 1/ಕ್ಷ + 1/(ಕ್ಷ + 2)
(ಆ) 5/(ಕ್ಷ − 3) + 2/(3 − ಕ್ಷ)
(ಇ) 1/ಕ್ಷ(ಕ್ಷ + 1) + 1/(ಕ್ಷ + 1)(ಕ್ಷ + 2)

ಉತ್ತರಗಳು: (ಅ) (2ಕ್ಷ + 2)/ಕ್ಷ(ಕ್ಷ + 2), (ಆ) 3/(ಕ್ಷ − 3), (ಇ) 2/ಕ್ಷ(ಕ್ಷ + 2). ಎರಡನೆಯದರಲ್ಲಿ 3 − ಕ್ಷ ಎಂಬುದು ಕ್ಷ − 3ರ ಋಣರೂಪವೆಂಬುದನ್ನು ಗಮನಿಸಿರಿ.

ಪೋಷಕರಲ್ಲಿ ಒಂದು ವಿಜ್ಞಾಪನೆ

ತಮಗೆ ಬೀಜಗಣಿತ ಬಾರದೆಂದು ತಾವು ಸಂಕೋಚಪಡಬೇಕಾಗಿಲ್ಲ. ಮಗು ಲೆಕ್ಕವನ್ನು ಮುಗಿಸಿದ ಮೇಲೆ, "ಒಂದು ಸಂಖ್ಯೆಯನ್ನು ಇಟ್ಟು ತಾಳೆ ನೋಡಿದೆಯಾ?" ಎಂದು ಕೇಳಿದರೆ ಸಾಕು. ಅಂಗಡಿಯಲ್ಲಿ, ಅಡಿಗೆಮನೆಯಲ್ಲಿ, ತೋಟದ ಪಾಲುಪಟ್ಟಿಯಲ್ಲಿ ಅರೆ, ಕಾಲು, ಮುಕ್ಕಾಲುಗಳನ್ನು ಮಕ್ಕಳಿಂದ ಕೂಡಿಸಿರಿ. ಹೇಗೆ ಕೂಡಿಸಿದೆ ಎಂದು ಬಾಯಿಬಿಟ್ಟು ಹೇಳಿಸಿರಿ. ಆದರೆ "ಇವನ ತಲೆಗೆ ಹತ್ತುವುದಿಲ್ಲ" ಎಂಬ ಮಾತನ್ನು ಮಗುವಿನ ಎದುರಿನಲ್ಲಿ ದಯವಿಟ್ಟು ಆಡಬೇಡಿರಿ. ಆ ಮಾತನ್ನು ಮಗು ಲೆಕ್ಕಕ್ಕಿಂತ ಬೇಗ ಕಲಿತುಬಿಡುತ್ತದೆ.

ಇನ್ನೊಂದು ಅಂಜಿಕೆಯನ್ನೂ ನಾವು ಆಗಾಗ ಕೇಳುತ್ತೇವೆ: ಕನ್ನಡದಲ್ಲಿ ಗಣಿತವನ್ನು ಕಲಿತ ಮಕ್ಕಳು ಹತ್ತನೆಯ ತರಗತಿಯ ಅನಂತರ ಇಂಗ್ಲಿಷಿನಲ್ಲಿ ಓದಬೇಕಾದಾಗ ಏನು ಮಾಡುವರು, ಎಂದು. ಅಲ್ಲಿ ಛೇದವನ್ನು ಡಿನಾಮಿನೇಟರ್ ಎನ್ನುವರು, ಅಂಶವನ್ನು ನ್ಯೂಮರೇಟರ್ ಎನ್ನುವರು. ಹೊಸ ಹೆಸರುಗಳನ್ನು ಕಲಿಯಲು ಕೆಲವು ವಾರಗಳ ಶ್ರಮ ಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಾಯ್ನುಡಿಯಲ್ಲಿ ಅರ್ಥ ಮಾಡಿಕೊಂಡು ಕಲಿತದ್ದು ಹೆಸರು ಬದಲಾದ ಮಾತ್ರಕ್ಕೆ ಅಳಿದುಹೋಗದು. ಅರ್ಥವಿಲ್ಲದೆ ಬಾಯಿಪಾಠ ಮಾಡಿದ್ದು ಯಾವ ಭಾಷೆಯಲ್ಲಿಯೂ ಉಳಿಯದು.

ಆ ದಿನ ತಂದೆಯ ಉತ್ತರವನ್ನು ಕೇಳಿದ ಹುಡುಗನ ಕೈಗೆ ನಾವು ಸೀಮೆಸುಣ್ಣವನ್ನು ಕೊಟ್ಟೆವು. ಅವನು ಕರಿಹಲಗೆಯ ಮೇಲೆ ತನ್ನ ಹಳೆಯ ಉತ್ತರವನ್ನು ಬರೆದು, ಕ್ಷ ಇದ್ದಲ್ಲಿ 1 ಎಂದು ಬರೆದು, ಸ್ವಲ್ಪ ಹೊತ್ತು ನೋಡಿ, ತಾನೇ ಅದನ್ನು ಒರಸಿದನು. ಅನಂತರ ಲೆಕ್ಕವನ್ನು ಮೊದಲಿನಿಂದ ಮಾಡಿದನು. ಅಂಗಡಿಯ ಮಾತನ್ನು ತಂದೆ ಮತ್ತೆ ಎತ್ತಲಿಲ್ಲ. ಈಗ ಆ ಹುಡುಗನು ಹತ್ತನೆಯ ತರಗತಿಯಲ್ಲಿದ್ದಾನೆ.